ಬಾರಾ-ತೇರಾ ಪಾನಾ

ಹೊಲದಲ್ಲಿ ಜೋಳ ಸೀತನಿಗೆ, ಹಸಿ ತೆನೆ ಸುಟ್ಟು ತಿನ್ನುವ ಹದಕ್ಕೆ, ಬಂದ ಕಾಲ. ಮಾಗಿಯ ಚಳಿ ಇನ್ನೂ ಬಿಟ್ಟಿರಲಿಲ್ಲ. ಬೆಳಗಿನ ಎಂಟರ ಸುಮಾರಿಗೆ ಲಚ್ಯಾಣದ ಟೇಲರ್ ಸಿದ್ದಲಿಂಗನ ಹೆಂಡತಿ ರಾಜೇಶ್ವರಿ ಒಲೆಯ ಮುಂದೆ ಕುಳಿತು ಬಿಸಿ ಉಪ್ಪಿಟ್ಟು ತಿನ್ನುತ್ತಿದ್ದಳು. ಮೂರನೆಯ ತುತ್ತಿಗೆ ಹಲ್ಲಿನ ನಡುವೆ ಕಟ್ಟೆಂದಿತು. ತೆಗೆದು ನೋಡಿದರೆ ಬೇರಿಂಗಿನೊಳಗಿನ ಛರ್ರಾ. ಬಟಾಣಿಯಷ್ಟು ದುಂಡಗೆ, ಬೆಳ್ಳಿಯಂತೆ ಹೊಳೆಯುವ ಉಕ್ಕಿನ ಗುಂಡು.

“ಸಿಕ್ತೇನು!” ಎಂದು ಸಿದ್ದಲಿಂಗ ಕೈಯೊಡ್ಡಿದ. “ನಿನ್ನಿಯಿಂದ ಹುಡುಕಾಕತ್ತೇನಿ ಅದನ್ನ. ಛಲೋ ಆತು ನೋಡು.”

ಛಲೋ ಆಗಲಿಲ್ಲ. ರಾಜೇಶ್ವರಿ ತಾಟನ್ನು ಕೆಳಗಿಟ್ಟಳು. ಅವಳು ಕೂಗಾಡಿದ್ದರೆ ಸಿದ್ದಲಿಂಗ ಹೆದರುತ್ತಿರಲಿಲ್ಲ. ಉಪ್ಪಿಟ್ಟು ಅರ್ಧಕ್ಕೇ ಬಿಟ್ಟು ಎದ್ದು ಕೈತೊಳೆದದ್ದೇ ಅವನನ್ನು ಹೆದರಿಸಿತು.

ಪಡಸಾಲೆಯಲ್ಲಿ ಒಂದು ಹಳೆಯ ಸ್ಕೂಟರ್ ನಿಂತಿತ್ತು. ನಿಂತಿತ್ತು ಎನ್ನುವುದು ಮರ್ಯಾದೆಯ ಮಾತು. ಊರಿನ ಸಾಲಿ ಮಾಸ್ತರರು ವರ್ಗವಾಗಿ ಹೋಗುವಾಗ “ಬೇಕಾದ್ರ ಇಟ್ಕೋ” ಎಂದು ಬಿಟ್ಟುಹೋದ ಗಾಡಿ ಅದು. ಸಿದ್ದಲಿಂಗ ಅದನ್ನು ರಿಪೇರಿ ಮಾಡುತ್ತೇನೆಂದು ಬಿಚ್ಚಲು ಶುರುಮಾಡಿದ. ಹೊಟ್ಟೆಪಾಡಿಗೆ ಹೊಲಿಗೆ ಮಷಿನ್ ಇತ್ತು. ಇದು ಬರಿಯ ಮನಸ್ಸಿನ ಖುಷಿಗೆ. ಬಿಚ್ಚುತ್ತ ಬಿಚ್ಚುತ್ತ ಗಾಡಿ ಮನೆ ತುಂಬ ಹರಡಿತು. ಕಾರ್ಬುರೇಟರ್ ಹಿಟ್ಟಿನ ಜರಡಿಯಲ್ಲಿ ಕುಳಿತಿತು. ಕ್ಲಚ್ ಪ್ಲೇಟುಗಳು ಕಡಕ್ ರೊಟ್ಟಿಯ ಬುಟ್ಟಿಗೆ ಹೋದವು. ರೊಟ್ಟಿ ಯಾವುದು ಪ್ಲೇಟು ಯಾವುದು ಎಂದು ಮುರಿದು ನೋಡಿಯೇ ತಿಳಿಯಬೇಕಾಯಿತು. ಛರ್ರಾಗಳನ್ನು ಅವನು ಸಾಸಿವೆ ಡಬ್ಬಿಯಲ್ಲಿಟ್ಟಿದ್ದ.

ರಾಜೇಶ್ವರಿ ಫೋನು ಹಚ್ಚಿದಳು. ಆ ಕಡೆಯಲ್ಲಿ ಝಳಕಿಯ ಗುಜರಿ ವ್ಯಾಪಾರಿ ಬಿಲಾಲ.

“ಬಿಲಾಲಣ್ಣ, ಆವತ್ತು ನೀವು ಸ್ಕೂಟರಿಗೆ ಹೇಳಿದ ಭಾವ ನಮಗ ಒಪ್ಪಿಗಿ ಐತ್ರಿ. ಹೂಂ, ತೂಕದ ಲೆಕ್ಕಕ್ಕ. ಸಂಜೀಕ ಬರ್ರಿ, ಕುಂತು ಮಾತು ಮುಗಸೂಣು.”

ಸಿದ್ದಲಿಂಗನಿಗೆ ಕೈಯಲ್ಲಿದ್ದ ಛರ್ರಾ ಬಂಡೆಗಲ್ಲಿನಷ್ಟು ಭಾರವಾಯಿತು. “ತೂಕದ ಲೆಕ್ಕಕ್ಕ? ಅದೇನು ಈರುಳ್ಳಿ ಏನ?”

“ಈರುಳ್ಳಿ ಆಗಿದ್ರ ಪಲ್ಯಾನರ ಮಾಡ್ತಿದ್ದೆ.”

“ಬಿಲಾಲ ಬರೋದ್ರಾಗ ಗಾಡಿ ಶುರು ಮಾಡಿದ್ರ?”

ರಾಜೇಶ್ವರಿ ಗಂಡನ ಮುಖ ನೋಡಿದಳು. ಒಳ್ಳೆಯ ಹೆಂಗಸು, ಬಾಗಿಲು ಹಾಕಿದರೂ ಚಿಲಕ ಹಾಕುವವಳಲ್ಲ. “ಶುರು ಆದ್ರ ಬಿಲಾಲಣ್ಣಗ ಚಹಾ ಕುಡಿಸಿ ನಾನೇ ತಿರುಗಿ ಕಳಸ್ತೇನಿ. ಸಿಂದಗಿಗೆ ನಮ್ಮವ್ವನ ಮನಿಗೆ ಅದರ ಮ್ಯಾಲೇ ಹೋಗೂಣು. ಆಗಲಿಲ್ಲಂದ್ರ, ಒಂದು ಮಾತು ಆಡಬಾರದು ನೀವು.”

“ಆಡಂಗಿಲ್ಲ.”

ಅಂದು ಸೋಮವಾರ. ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡದ ಮನೆತನದವನು ಸಿದ್ದಲಿಂಗ. ಎತ್ತು ಮಾರಿ ಕತ್ತರಿ ಹಿಡಿದ ಮೇಲೂ ಆ ದಿನ ಬಟ್ಟೆಗೆ ಕತ್ತರಿ ಹಾಕುತ್ತಿರಲಿಲ್ಲ. ಇಡೀ ದಿನ ಕೈಯಲ್ಲಿತ್ತು. ಇಲ್ಲದ್ದೆಂದರೆ ಹತ್ಯಾರ, ರಿಪೇರಿಯ ಉಪಕರಣ. ಇಷ್ಟು ದಿನ ಅವನು ಗಾಡಿಯನ್ನೆಲ್ಲ ಬಿಚ್ಚಿದ್ದು ಪಕ್ಕದ ಮನೆಯ ಗೈಬುಸಾಬನ ಒಂದೇ ಒಂದು ಪಾನಾದಿಂದ. ನಟ್ಟು ತಿರುಗಿಸುವ ಕಬ್ಬಿಣಕ್ಕೆ ಆ ಕಡೆ ಪಾನಾ ಎನ್ನುತ್ತಾರೆ. ಗೈಬುಸಾಬ ಕಾಲವೆಲ್ಲ ಬಾವಿಯ ಪಂಪು ಇಳಿಸಿ ಎತ್ತಿದ ಹಿರಿಯ. ಹಿಗ್ಗಿಸಿ ಕುಗ್ಗಿಸುವ ಅವನ ಪಾನಾದ ಬಾಯಿ ಮುದಿ ಮೊಸಳೆಯಂತೆ ಸಡಿಲವಾಗಿತ್ತು. ನಟ್ಟನ್ನು ಹಿಡಿಯುವುದಕ್ಕಿಂತ ಕಡಿಯುವುದೇ ಹೆಚ್ಚು. ಮೇಲಾಗಿ ಪಾನಾ ಬಂದರೆ ಅದರ ಹಿಂದೆ ಗೈಬುಸಾಬನೂ ಬಂದು ಕೂಡುತ್ತಿದ್ದ. ಪಾನಾ ತಿರುಗಿ ಹೋಗುವತನಕ ಏಳುತ್ತಿರಲಿಲ್ಲ.

“ಇಂಡಿಗೆ ಹೋಗಿ ನನ್ನವೇ ಹತ್ಯಾರ ತರ್ತೇನಿ” ಎಂದು ಸಿದ್ದಲಿಂಗ ಅಂಗಿ ಹಾಕಿಕೊಂಡ.

ಅವನು ಬರಿಗೈಯಲ್ಲಿ ಹೋಗಲಿಲ್ಲ. ಬಿಚ್ಚಿಟ್ಟ ನಟ್ಟುಗಳಲ್ಲಿ ಪ್ರತಿ ಬಗೆಯದೊಂದನ್ನು ಆರಿಸಿ ಕರವಸ್ತ್ರದಲ್ಲಿ ಗಂಟು ಕಟ್ಟಿಕೊಂಡ. ಮೈಯಳತೆ ತೆಗೆದುಕೊಳ್ಳದೆ ಅಂಗಿ ಹೊಲಿಯದವನು ನಟ್ಟಿನ ಅಳತೆ ಇಲ್ಲದೆ ಪಾನಾ ಕೊಳ್ಳುತ್ತಾನೆಯೇ?

ಇಂಡಿಯಲ್ಲಿ ಖಂಡೆಪ್ಪನ ಹತ್ಯಾರದ ಅಂಗಡಿ. ಖಂಡೆಪ್ಪ ಗಿರಾಕಿಯ ಚಪ್ಪಲಿ ನೋಡಿಯೇ ಮಾಲು ತೆಗೆಯುವವನು. ಸಿದ್ದಲಿಂಗನ ಚಪ್ಪಲಿ ನೋಡಿ ಒಂದು ಕೆಂಪು ಪ್ಲಾಸ್ಟಿಕ್ ಪೆಟ್ಟಿಗೆ ಇಳಿಸಿದ. ತೆರೆದರೆ ಒಳಗೆ ಸಾಲು ಸಾಲಾಗಿ ಹತ್ಯಾರ, ಮದುವಣಗಿತ್ತಿಯ ಒಡವೆ ಪೆಟ್ಟಿಗೆಯ ಹಾಗೆ ಝಗಝಗ.

“ಇದನ್ನ ಒಯ್ರಿ. ಎಲ್ಲಾ ಇದರಾಗೇ ಅದಾವ. ಸೋವಿ.”

ಸಿದ್ದಲಿಂಗ ಒಂದನ್ನು ತೆಗೆದುಕೊಂಡು ಬೆಳಕಿಗೆ ಹಿಡಿದ. ಬಾಯಿಯ ಅಂಚನ್ನು ಉಗುರಿನಿಂದ ಕೆರೆದ. ಹೊಳಪು ಸಿಪ್ಪೆಯಂತೆ ಎದ್ದಿತು. “ಖಂಡೆಪ್ಪಣ್ಣ, ಇದು ಸೋವಿ ಬಟ್ಟಿಗೆ ಹಾಕಿದ ಗಂಜಿ ಇದ್ದಂಗ ಐತ್ರಿ. ಒಂದು ಒಗತಕ್ಕ ಹೋಗ್ತೈತಿ. ಮತ್ತ ಇದರಾಗ ಅರ್ಧ ನನ್ನ ಗಾಡಿಗೆ ಹತ್ತಂಗಿಲ್ಲ. ಹತ್ತಲಾರದ್ದು ಎಷ್ಟು ಸೋವಿ ಸಿಕ್ಕರೂ ತುಟ್ಟೀನ.”

ಖಂಡೆಪ್ಪ ಚಪ್ಪಲಿಯಿಂದ ಕಣ್ಣೆತ್ತಿ ಈಗ ಮುಖ ನೋಡಿದ. ಮೇಲಿನ ಹಲಗೆಯಿಂದ ಭಾರಿ ಮಾಲು ಇಳಿಸಿದ. ಸಿದ್ದಲಿಂಗ ಅದನ್ನು ಕೈಯಲ್ಲಿ ಹಿಡಿದ, ಹಿಡಿದವನು ಬಿಡಲಿಲ್ಲ. ಕೊನೆಗೆ ಬೇರೆಯವರ ಕೂಸನ್ನು ತಾಯಿಯ ಮಡಿಲಿಗೆ ತಿರುಗಿ ಕೊಡುವಂತೆ ಮೆಲ್ಲಗೆ ಗಾಜಿನ ಮೇಲಿಟ್ಟ. “ಇವು ಗ್ಯಾರೇಜ್ ಮೆಸ್ತ್ರಿಗಳಿಗೆ. ದಿನಾ ಹೊಡದಾಡವರಿಗೆ. ನಾ ವಾರಕ್ಕೊಮ್ಮೆ ಕೈ ಹಚ್ಚಾಂವ. ನಡುವಿನವು ಇಲ್ಲೇನ್ರಿ? ಬಿಡಿ ಬಿಡಿ ಸಿಗುವಂಥಾವು?”

ಇದ್ದವು. ಕೆಳಗಿನ ಕಟ್ಟಿಗೆಯ ಡ್ರಾಯರಿನಲ್ಲಿ, ಹೊಳಪಿಲ್ಲದ, ಕಪ್ಪು ಮೈಯ, ಬಾಯಿಯನ್ನಷ್ಟೇ ನುಣ್ಣಗೆ ಉಜ್ಜಿದ ಪಾನಾಗಳು. ಸಿದ್ದಲಿಂಗ ಅಂಗಡಿಯ ಮೆಟ್ಟಿಲ ಮೇಲೆ ಕುಳಿತು ಕರವಸ್ತ್ರದ ಗಂಟು ಬಿಚ್ಚಿದ.

ಆ ಆಯ್ಕೆಯನ್ನು ನೋಡಬೇಕಿತ್ತು. ಒಂದೊಂದು ನಟ್ಟನ್ನು ಒಂದೊಂದು ಪಾನಾದ ಬಾಯಿಗೆ ಕೂರಿಸಿ ಕಿವಿಯ ಹತ್ತಿರ ಅಲುಗಾಡಿಸುತ್ತಿದ್ದ. ಟಕಟಕ ಅಂದರೆ ಬೇಡ. ಸುಮ್ಮನಿದ್ದರೆ ಬೇಕು. “ಕಾಲರ್ ಕುತ್ತಿಗಿಗೆ ಕುಂತಂಗ ಕುಂಡ್ರಬೇಕು” ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಸ್ಕ್ರೂ ಡ್ರೈವರುಗಳನ್ನು ಗಾಜಿನ ಮೇಲೆ ಉರುಳಿಸಿದ. ಕುಂಟುತ್ತ ಉರುಳಿದವು ಸೊಟ್ಟ ಎಂದು ಪಕ್ಕಕ್ಕಿಟ್ಟ, ನೀರಿನಂತೆ ಹರಿದದ್ದನ್ನು ಆರಿಸಿದ. ತಂತಿ ಹಿಡಿಯುವ ಪಕ್ಕಡವನ್ನು ಕತ್ತರಿಯಂತೆ ಆಡಿಸಿ, ಮುಚ್ಚಿ, ಸೂರ್ಯನ ಕಡೆ ಹಿಡಿದ. ತುಟಿಗಳ ನಡುವೆ ಬೆಳಕು ಕಂಡರೆ ಅದೂ ಬೇಡ. ಸುತ್ತಿಗೆಯ ಹಿಡಿಯಲ್ಲಿ ಕಟ್ಟಿಗೆಯ ಗೆರೆ ಉದ್ದಕ್ಕೆ ಓಡಿದೆಯೋ ಅಡ್ಡಕ್ಕೆ ಓಡಿದೆಯೋ ನೋಡಿದ. ಅಡ್ಡ ಗೆರೆಯದು ಒಂದು ದಿನ ಹಾರಿ ಯಾರದೋ ಹಣೆಗೆ ಬೀಳುತ್ತದೆ. ಮೊಳೆ ಕೊಳ್ಳಲು ಬಂದವರು ಮೊಳೆ ಮರೆತು ನಿಂತರು. ಖಂಡೆಪ್ಪ ಕೇಳದೆಯೇ ಚಹಾ ತರಿಸಿದ.

“ಮಗಳಿಗೆ ವರ ನೋಡಾಗ ನಾನೂ ಇಷ್ಟು ನೋಡಿದ್ದಿಲ್ಲ ಬಿಡ್ರಿ” ಎಂದ ಖಂಡೆಪ್ಪ. “ಬಾರಾ-ತೇರಾ ಒಂದು ಉಳೀತು. ಒಯ್ಯಂಗಿಲ್ಲೇನು?”

ಗ್ಯಾರೇಜಿನವರು ಪಾನಾದ ಅಳತೆಯನ್ನು ಹಿಂದಿಯಲ್ಲೇ ಎಣಿಸುತ್ತಾರೆ. ಒಂದು ತುದಿ ಹನ್ನೆರಡು, ಇನ್ನೊಂದು ತುದಿ ಹದಿಮೂರು ಇದ್ದರೆ ಬಾರಾ-ತೇರಾ. ಸಿದ್ದಲಿಂಗ ಕರವಸ್ತ್ರದ ನಟ್ಟುಗಳನ್ನೆಲ್ಲ ಮತ್ತೊಮ್ಮೆ ಅದರ ಬಾಯಿಗೆ ಹಿಡಿದು ನೋಡಿದ. ಒಂದೂ ಕೂರಲಿಲ್ಲ.

“ಈ ಅಳತಿ ನಟ್ಟೇ ನನ್ನ ಗಾಡ್ಯಾಗಿಲ್ರಿ” ಎಂದು ಹೆಮ್ಮೆಯಿಂದ ತಿರುಗಿ ಕೊಟ್ಟ.

ಮಧ್ಯಾಹ್ನದ ಬಸ್ಸಿಗೆ ಅವನು ಊರು ಮುಟ್ಟಿದ. ಗೋಣಿಚೀಲದ ಮೇಲೆ ಹತ್ಯಾರ ಹರವಿದ. ಗೈಬುಸಾಬ ತನ್ನ ಮೊಸಳೆ ಪಾನಾವನ್ನು ಕಂಕುಳಲ್ಲಿ ಇಟ್ಟುಕೊಂಡೇ ಬಂದು, ಒಂದೊಂದನ್ನೂ ಮುಟ್ಟಿ, ಕೊನೆಗೆ ಕಂಕುಳಲ್ಲಿದ್ದದ್ದನ್ನು ಅಂಗಿಯೊಳಗೆ ಬಚ್ಚಿಟ್ಟ.

“ಛಲೋ ತಂದೀದಿ ತಮ್ಮಾ. ಇನ್ನ ನನ್ನ ಕರಿಯಂಗಿಲ್ಲ ನೀ.”

“ನೀವು ಬರ್ರಿ ಕಾಕಾ. ಪಾನಾ ಮನ್ಯಾಗ ಇಟ್ಟು ಬರ್ರಿ.”

ಎದುರು ಮನೆಯ ಮುದುಕಿ ಶಂಕ್ರೆವ್ವ ಕಟ್ಟೆಯ ಮೇಲೆ ಕುಳಿತು, “ಅರಿವಿ ಹೊಲಿಯಾಂವ ಕಬ್ಬಿಣ ಹೊಲಿಯಾಕ ಕುಂತಾನ ನೋಡ್ರೆವ್ವಾ” ಎಂದು ಓಣಿಗೆಲ್ಲ ಸುದ್ದಿ ಮುಟ್ಟಿಸಿದಳು. ಸುದ್ದಿ ಮುಟ್ಟಿದವರೆಲ್ಲ ಬಂದರು. ಬಂದವರು ಮೊದಲು ನಕ್ಕರು. ಆಮೇಲೆ ನಗು ನಿಂತಿತು. ಏಕೆಂದರೆ ಹೊಸ ಪಾನಾಗಳು ನಟ್ಟಿನ ಮೇಲೆ ಕೂತ ಚಂದವೇ ಬೇರೆ. ಸಿದ್ದಲಿಂಗ ಗುಂಡಿ ಹಚ್ಚುವಷ್ಟು ಸಲೀಸಾಗಿ ಒಂದೊಂದನ್ನೇ ಬಿಗಿಯುತ್ತ ಹೋದ. ಜರಡಿಯಿಂದ ಕಾರ್ಬುರೇಟರ್ ಬಂತು, ರೊಟ್ಟಿ ಬುಟ್ಟಿಯಿಂದ ಪ್ಲೇಟು ಬಂದವು, ಸಾಸಿವೆಯಿಂದ ಛರ್ರಾ ಬಂದವು. ಮನೆ ಖಾಲಿಯಾಗುತ್ತ ಹೋಯಿತು, ಸ್ಕೂಟರ್ ತುಂಬುತ್ತ ಬಂತು. ರಾಜೇಶ್ವರಿ ಬಾಗಿಲಲ್ಲಿ ನಿಂತು ಎಷ್ಟೋ ದಿನದ ಮೇಲೆ ತನ್ನ ಅಡುಗೆ ಮನೆಯ ನೆಲ ನೋಡಿದಳು.

ಗಾಡಿಯನ್ನು ಓಣಿಗೆ ತಂದು ಕಿಕ್ ಹೊಡೆದ. ಸ್ಕೂಟರ್ ಕೆಮ್ಮಿತು. ಮತ್ತೆ ಹೊಡೆದ. ಇನ್ನೂ ಕೆಮ್ಮಿ ಸತ್ತಿತು.

ಗೈಬುಸಾಬ ಬಗ್ಗಿ ಸೈಲೆನ್ಸರಿನ ತೂತಿಗೆ ಬೆರಳಿಟ್ಟ. ಬೆರಳು ಕಪ್ಪಾಗಿ ಹೊರಬಂತು. “ಉಸಿರು ಕಟ್ಟೇತಿ ಇದಕ್ಕ. ಕಾಡಿಗಿ ತುಂಬೇತಿ. ಬಿಚ್ಚಿ ಬಡೀಬೇಕು.”

ಸೈಲೆನ್ಸರನ್ನು ಹಿಡಿದಿದ್ದದ್ದು ಒಂದೇ ನಟ್ಟು. ಗೈಬುಸಾಬನ ಮೊಸಳೆಗೂ ಮಣಿಯದೆ ತುಕ್ಕು ಹಿಡಿದು ಕೂತಿದ್ದ ಅದನ್ನು ಸಿದ್ದಲಿಂಗ ಬಿಚ್ಚಿಯೇ ಇರಲಿಲ್ಲ. ಬಿಚ್ಚದ ನಟ್ಟು ಕರವಸ್ತ್ರಕ್ಕೆ ಹೋಗಿರಲಿಲ್ಲ. ಕರವಸ್ತ್ರಕ್ಕೆ ಹೋಗದ ನಟ್ಟಿಗೆ ಪಾನಾ ಬಂದಿರಲಿಲ್ಲ. ಅದು ಹದಿಮೂರರ ನಟ್ಟು.

ಸಿದ್ದಲಿಂಗ ಬೆವರು ಒರೆಸಿಕೊಂಡು ಅಯೂಬನಿಗೆ ಫೋನು ಮಾಡಿದ. ಅಯೂಬ ಲಚ್ಯಾಣ–ಇಂಡಿ ನಡುವೆ ಟಂಟಂ ರಿಕ್ಷಾ ಹೊಡೆಯುವವನು. ಆ ಹೊತ್ತಿಗೆ ಇಂಡಿಯ ಬಸ್‌ಸ್ಟ್ಯಾಂಡಿನಲ್ಲಿ ಹಾರ್ನುಗಳ ನಡುವೆ ಇದ್ದ.

“ಅಯೂಬಾ, ಬರೋ ಮುಂದ ಬಾರಾ-ತೇರಾ ಪಾನಾ ತೊಗೊಂಡು ಬಾ!”

“ಏನ್ರಿ? ಬಾರಾ-ತೇರಾ? ಆತ್ ತೊಗೋರಿ. ಸಾದಾ ಏನ್ ಸ್ಪೆಷಲ್?”

“ಸಾದಾ ಬ್ಯಾಡೋ, ಛಲೋದು ನೋಡಿ ತಾ. ಬಾಳಿಕಿ ಬರಬೇಕು.”

“ಬಾಳಿಕಿ?” ಹಾರ್ನು ಅಯೂಬನ ಮಾತನ್ನು ಅರ್ಧ ನುಂಗಿತು. “ಆತು, ಹಸಿ ಎಲಿ... ಹಲೋ? ಕಟ್ಟಿಸ್ಕೊಂಡು ಬರ್ತೇನಿ!”

ಹೊತ್ತು ಇಳಿಯುವಾಗ ಅಯೂಬನ ಟಂಟಂ ಓಣಿಗೆ ಬಂತು. ಸಿದ್ದಲಿಂಗ ಓಡಿಹೋಗಿ ಕೈಯೊಡ್ಡಿದ. ಅಯೂಬ ಅವನ ಕೈಯಲ್ಲಿ ಬಾಳೆ ಎಲೆಯ ಒಂದು ದಪ್ಪ ಪೊಟ್ಟಣ ಇಟ್ಟ. ಕಬ್ಬಿಣಕ್ಕಿಂತ ಹಗುರ. ಗಮಗಮ ವಾಸನೆ ಬೇರೆ. ಬಿಚ್ಚಿದರೆ, ಲವಂಗ ಚುಚ್ಚಿದ ಮಸಾಲೆ ಪಾನ.

“ನೀವು ಬಾರಾ ಅಂದ್ರೋ ತೇರಾ ಅಂದ್ರೋ ನೆಟ್ಟಗ ಕೇಳಲಿಲ್ಲ ಸಿದ್ದಣ್ಣ. ಒಂದು ಹೆಚ್ಚ ಇರ್ಲಿ ಅಂತ ತೇರಾ ತಂದೆ.”

ಓಣಿ ಒಮ್ಮೆಲೇ ನಕ್ಕಿತು. ಸಿದ್ದಲಿಂಗನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. “ಅಲ್ಲೋ, ಟಂಟಂ ಹೊಡಿಯಾಂವ ನೀ. ಪಾನಾ ಅಂದ್ರ ತಿಳಿಯಂಗಿಲ್ಲೇನೋ ನಿನಗ?”

“ಮೆಸ್ತ್ರಿ ಕೇಳಿದ್ರ ತಿಳೀತಿತ್ರಿ. ಟೇಲರ್ ಕೇಳಿದ್ರ ಹೆಂಗ ತಿಳೀಬೇಕು? ನಿಮ್ಮ ಮನ್ಯಾಗ ಏನೋ ಕಾರ್ಯೆ ಐತಿ ಅಂತ ತಿಳದೆ. ಬಾಳಿಕಿ ಬರಬೇಕು ಅಂದ್ರಿ. ಪಾನದ ಅಂಗಡಿಯವನ ಜೋಡಿ ಅದಕ್ಕ ಜಗಳಾನೂ ಆತು.”

ರಾಜೇಶ್ವರಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದವಳು ಗಂಡನ ಮುಖ ನೋಡಿ ನಗು ನಿಲ್ಲಿಸಿದಳು. ಮಧ್ಯಾಹ್ನದಿಂದ ಅವನು ದುಡಿದದ್ದನ್ನು ಅವಳೂ ನೋಡಿದ್ದಳು. ಒಳಗಿನಿಂದ ತಾಟು ತಂದು ಪಾನಗಳನ್ನು ಜೋಡಿಸಿದಳು. “ಇರ್ಲಿ ಬಿಡ್ರಿ. ಬಾಡಿ ಹೋಗ್ತಾವ. ಮಧ್ಯಾಹ್ನದಿಂದ ಇಷ್ಟು ಮಂದಿ ಬಿಸಿಲಾಗ ನಿಂತು ನಿಮ್ಮನ್ನ ನೋಡ್ಯಾರ, ಬಾಯಿ ಕೆಂಪ ಮಾಡ್ಕೊಳ್ಳಲಿ.”

ಒಬ್ಬೊಬ್ಬರ ಮುಂದೂ ತಾಟು ಹಿಡಿದಳು. ಗೈಬುಸಾಬ ಒಂದು ತೆಗೆದುಕೊಂಡ. ಅಯೂಬ ಒಂದು. ಶಂಕ್ರೆವ್ವ ಹಲ್ಲಿಲ್ಲದ ಬಾಯಿಗೆ ಒಂದನ್ನು ಕುಟ್ಟಿ ಹಾಕಿಕೊಂಡಳು. ಅಷ್ಟರಲ್ಲಿ ಓಣಿಯ ತುದಿಯಿಂದ ದಪ್ಪ ಮೀಸೆಯ ಬಿಲಾಲ ಬಂದ. ಬರುವಾಗ ಯಾರದೋ ಟ್ರ್ಯಾಕ್ಟರಿನಲ್ಲಿ ಬಂದಿಳಿದಿದ್ದ. ಮಾಲು ಒಯ್ಯಲು ಮರುದಿನ ಗಾಡಿ ಕಳಿಸುವುದು ಅವನ ಲೆಕ್ಕ.

“ಬರ್ರಿ ಬಿಲಾಲಣ್ಣ” ಎಂದಳು ರಾಜೇಶ್ವರಿ. ಮನೆಗೆ ಬಂದವರನ್ನು ಬಿಟ್ಟು ಹಂಚುವುದು ಅವಳಿಗೆ ಸರಿಕಾಣಲಿಲ್ಲ. ಎರಡೂ ಕೈಯಲ್ಲಿ ತಾಟು ಹಿಡಿದು ಅವನಿಗೂ ಒಂದು ಕೊಟ್ಟಳು. ಬಿಲಾಲ ಹಣೆಗೆ ಮುಟ್ಟಿಸಿಕೊಂಡು ಬಾಯಿಗಿಟ್ಟು, ಕಟ್ಟೆಯ ಮೇಲೆ ಗೈಬುಸಾಬನ ಪಕ್ಕ ಕುಳಿತ.

ಸಿದ್ದಲಿಂಗ ಅವನನ್ನು ನೋಡಿದ, ಇಳಿಯುತ್ತಿದ್ದ ಹೊತ್ತನ್ನು ನೋಡಿದ, ನಟ್ಟನ್ನು ನೋಡಿದ. ಹದಿನಾಲ್ಕರ ಪಾನಾ ಹಚ್ಚಿದರೆ ಕೂದಲೆಳೆಗಿಂತ ಸ್ವಲ್ಪ ಹೆಚ್ಚು ಸಡಿಲ. ಅಂಗಿ ಸಡಿಲಾದರೆ ಟೇಲರ್ ಏನು ಮಾಡುತ್ತಾನೆ? ಎದ್ದು ಮಷಿನಿನ ಹತ್ತಿರ ಹೋದವನು ಪ್ಯಾಂಟಿಗೆ ಹಚ್ಚುವ ಚಪ್ಪಟೆ ಕಬ್ಬಿಣದ ಹುಕ್ಕೊಂದನ್ನು ತಂದ. ನಟ್ಟಿಗೂ ಪಾನಾಕ್ಕೂ ನಡುವೆ ಅದನ್ನು ಸೇರಿಸಿ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದ. ಉಸಿರು ಹಿಡಿದು ಎಳೆದ.

ಕಿರ್ ಎಂದಿತು. ತುಕ್ಕು ಉದುರಿತು. ನಟ್ಟು ತಿರುಗಿತು.

“ಯಪ್ಪಾ!” ಎಂದಳು ಶಂಕ್ರೆವ್ವ. “ಕಬ್ಬಿಣಕ್ಕೂ ಹೊಲಿಗಿ ಟಾಕಿ ಹಾಕಿದ್ಯಲ್ಲೋ!”

ಗೈಬುಸಾಬ ಅಂಗಿಯೊಳಗಿನ ತನ್ನ ಪಾನಾವನ್ನು ಹೊರಗೆ ತೆಗೆದು ಸಿದ್ದಲಿಂಗನ ಹತ್ಯಾರಗಳ ಪಕ್ಕ ಇಟ್ಟ. ಗುರುವಿಗೆ ಕಾಣಿಕೆ ಇಟ್ಟಂತೆ. ಸೈಲೆನ್ಸರನ್ನು ಕಲ್ಲಿಗೆ ಬಡಿದಾಗ ಹೊರಬಿದ್ದ ಕಾಡಿಗೆ ಇಡೀ ಓಣಿಯ ಹೆಣ್ಣುಮಕ್ಕಳ ಕಣ್ಣಿಗೆ ಸಾಕಾಗುವಷ್ಟಿತ್ತು. ತಿರುಗಿ ಬಿಗಿದು, ಸಿದ್ದಲಿಂಗ ಕಣ್ಣು ಮುಚ್ಚಿ ಕಿಕ್ ಹೊಡೆದ.

ಸ್ಕೂಟರ್ ಶುರುವಾಯಿತು. ಎಷ್ಟೋ ವರ್ಷ ಮಲಗಿದ್ದ ಗಾಡಿ, ಒಂದು ಸಲವೂ ಕೆಮ್ಮದೆ, ಎಣ್ಣೆ ಹಾಕಿದ ಹೊಲಿಗೆ ಮಷಿನಿನಂತೆ ಸಣ್ಣಗೆ, ಒಂದೇ ಸಮ ಓಡಿತು. ಅಯೂಬ ಸಿಳ್ಳು ಹೊಡೆದ. ಮಂದಿ ಚಪ್ಪಾಳೆ ತಟ್ಟಿದರು. ಸಿದ್ದಲಿಂಗ ಸೀಟಿನ ಮೇಲೆ ಕುಳಿತು ಓಣಿಯ ಒಂದು ಸುತ್ತು ಹಾಕಿಬಂದ. ರಾಜೇಶ್ವರಿ ಅವನ ಹೆಗಲ ಮೇಲಿನ ಕಾಡಿಗೆಯನ್ನು ಎಲ್ಲರೆದುರೇ ಸೆರಗಿನಿಂದ ಒರೆಸಿದಳು.

“ಐತವಾರ ಸಿಂದಗಿಗೆ ಹೋಗೂಣು” ಎಂದಳು ಮೆಲ್ಲಗೆ. “ಇದರ ಮ್ಯಾಲೇ.” ಆಮೇಲೆ ಕಟ್ಟೆಯ ಕಡೆ ತಿರುಗಿ, “ಬಿಲಾಲಣ್ಣ, ತಪ್ಪು ತಿಳಕೋಬ್ಯಾಡ್ರಿ. ಚಹಾ ಮಾಡ್ತೇನಿ, ಕುಡಿದು ಹೋಗ್ರಿ. ನಾವು ಗಾಡಿ ಕೊಡಂಗಿಲ್ಲ.”

ಬಿಲಾಲ ಬಾಯಿಯ ತುಂಬ ಇದ್ದ ಪಾನ ನುಂಗಿ, ಗೊಂದಲದಿಂದ ಗೈಬುಸಾಬನನ್ನು ನೋಡಿದ. “ಕೊಡಂಗಿಲ್ಲಂದ್ರ? ಬೆಳಿಗ್ಗೆ ಭಾವ ಕಬೂಲ ಆತು. ಈಗ ಎಲಿ-ಅಡಿಕಿ ಕೊಟ್ರಲ್ರಿ ಅಕ್ಕಾರ?”

ಎತ್ತಿರಲಿ, ಹೊಲವಿರಲಿ, ಮದುವೆಯ ಮಾತಿರಲಿ, ಭಾವ ಒಪ್ಪಿದ ಮೇಲೆ ಮನೆಯವರು ಎಲೆ-ಅಡಿಕೆ ಕೊಟ್ಟರೆ ಅಲ್ಲಿಗೆ ಮಾತು ಮುಗಿಯಿತು. ಅದಕ್ಕಿಂತ ದೊಡ್ಡ ಕಾಗದ ಆ ಓಣಿಯಲ್ಲಿ ಯಾರೂ ಬರೆದಿಲ್ಲ.

“ಅದು ಪಾನ!” ಎಂದು ಸಿದ್ದಲಿಂಗ ಕೂಗಿದ. “ಎಲಿ-ಅಡಿಕಿ ಅಲ್ಲ! ಅದು ತಪ್ಪಿ ಬಂದದ್ದು! ಗೈಬು ಕಾಕಾ, ನೀವರ ಹೇಳ್ರಿ!”

ಗೈಬುಸಾಬ ಹಳೆಯ ಕಾಲದ ಮನುಷ್ಯ. ಅವನಿಗೆ ಸಿದ್ದಲಿಂಗನ ಮೇಲೆ ಪ್ರೀತಿ ಇತ್ತು. ಆದರೆ ಮಾತಿನ ಮೇಲೆ ಅದಕ್ಕಿಂತ ಹೆಚ್ಚಿತ್ತು. ಬಹಳ ಸಂಕಟದಿಂದ ಕೇಳಿದ: “ಅದರಾಗ ಎಲಿ ಇತ್ತಿಲ್ಲೋ?”

“ಇತ್ತು.”

“ಅಡಿಕಿ?”

“ಇತ್ತು, ಆದ್ರ ಗುಲ್ಕಂದ...”

“ಗುಲ್ಕಂದ ಹೆಚ್ಚಿಗಿ. ಅದರಿಂದ ಮಾತು ಸಿಹಿ ಆಗ್ತೈತಿ ಹೊರತು ಕೆಡಂಗಿಲ್ಲ ತಮ್ಮಾ. ಮನಿ ಹೆಣ್ಣುಮಗಳು ಎರಡೂ ಕೈಲೆ ಕೊಟ್ಟಾಳ. ಇಷ್ಟು ಮಂದಿ ಸಾಕ್ಷಿ. ನೋಡು.”

ಸಿದ್ದಲಿಂಗ ನೋಡಿದ. ಗೈಬುಸಾಬನ ಬಾಯಿ ಕೆಂಪು. ಅಯೂಬನ ಬಾಯಿ ಕೆಂಪು. ಶಂಕ್ರೆವ್ವ ನಾಲಿಗೆ ಚಾಚಿ ತೋರಿಸಿದಳು, ಅದೂ ಕೆಂಪು. ಸುಳ್ಳು ಹೇಳೋಣವೆಂದರೆ ಬಾಯಿ ತೆರೆಯಬೇಕು, ತೆರೆದರೆ ಸಾಕ್ಷಿ ಹೊರಗೆ ಬೀಳುತ್ತಿತ್ತು.

ಬಿಲಾಲನಿಗೇ ಕೆಡುಕೆನಿಸಿತು. “ನುಂಗಿ ಬಿಟ್ಟೇನ್ರಿ. ಇಲ್ಲಂದ್ರ ತಿರುಗಿ ಕೊಡ್ತಿದ್ದೆ. ಎಲಿ ತಿಂದು ಮಾತು ಬಿಟ್ಟ ಅಂದ್ರ ನನಗೂ ನಾಳೆ ಯಾರೂ ಮಾಲು ಕೊಡಂಗಿಲ್ಲ.”

ರಾಜೇಶ್ವರಿ ಖಾಲಿ ತಾಟನ್ನು ಎದೆಗೆ ಹಿಡಿದು ನಿಂತಿದ್ದಳು. ಬೆಳಿಗ್ಗೆ ಮಾರಬೇಕೆಂದು ಹಟ ಹಿಡಿದವಳೂ ಅವಳೇ, ಸಂಜೆ ಮಾರಬಾರದೆಂದು ಕಣ್ಣು ತುಂಬಿಕೊಂಡವಳೂ ಅವಳೇ. ಗಾಡಿ ಶುರುವಾಗದಿದ್ದರೆ ಒಂದು ಮಾತೂ ಆಡುವುದಿಲ್ಲವೆಂದು ಬೆಳಿಗ್ಗೆ ಮಾತು ಕೊಟ್ಟಿದ್ದ ಸಿದ್ದಲಿಂಗ, ಗಾಡಿ ಶುರುವಾದ ಮೇಲೂ ಕೊನೆಗೆ ಅದನ್ನೇ ನಡೆಸಿದ. ಕೀಲಿ ಕೊಟ್ಟ.

“ಗಾಡಿ ಕಳಸೂದು ಯಾಕ, ಹೊಡಕೊಂಡೇ ಹೋಗ್ತೇನಿ” ಎಂದು ಬಿಲಾಲ ಹತ್ತಿದ. ಒಮ್ಮೆ ರೇಸು ಕೊಟ್ಟು, ಕಿವಿಗೊಟ್ಟು, ಮೀಸೆಯೊಳಗೆ ನಕ್ಕ. “ಏನ್ ಕೈ ಅದಾವ್ರಿ ನಿಮ್ಮವು! ಇದನ್ನ ತೂಕಕ್ಕ ಒಡಿಯಾಂವಲ್ಲ ನಾ, ನಾನೇ ಇಟ್ಕೋತೇನಿ. ಸರ್ವಿಸಿಂಗಕ್ಕ ನಿಮ್ಮ ಕಡೇನೇ ತರ್ತೇನಿ.”

“ಚೋಕ್ ಬಾಳ ಎಳೀಬ್ಯಾಡ್ರಿ” ಎಂದ ಸಿದ್ದಲಿಂಗ. “ಇಳಿಜಾರಿನ್ಯಾಗ ಬಂದ್ ಮಾಡಬ್ಯಾಡ್ರಿ.”

ಸ್ಕೂಟರ್ ಓಣಿ ದಾಟಿತು, ಊರ ಅಗಸಿ ಬಾಗಿಲು ದಾಟಿತು. ಕಣ್ಣಿಗೆ ಕಾಣದಾದ ಮೇಲೂ ಜೋಳದ ಹೊಲಗಳ ಮೇಲಿಂದ ಅದರ ಸಪ್ಪಳ ಬಹಳ ಹೊತ್ತು ಬರುತ್ತಿತ್ತು. ಗಂಡ ಹೆಂಡತಿ ಕಟ್ಟೆಯ ಮೇಲೆ ಕುಳಿತು ಕೇಳಿದರು.

“ಕೇಳಿದ್ಯಾ?” ಎಂದ ಸಿದ್ದಲಿಂಗ. “ಒಂದೂ ಕೆಮ್ಮು ಇಲ್ಲ.”

“ಇಲ್ರಿ” ಎಂದಳು ರಾಜೇಶ್ವರಿ. “ಬಾಳ ಛಲೋ ಓಡಾಕತ್ತೈತಿ.”

ಹೀಗೆ ಸಿದ್ದಲಿಂಗ ರಿಪೇರಿ ಮಾಡಿದ ಮೊದಲ ಗಾಡಿಯ ಮೇಲೆ ಬಿಲಾಲ ಝಳಕಿಗೆ ಹೋದ, ಸೋಮವಾರ ಸಂಜೆ.